ಎರಡು ಮನೆಯ ಊಟ

ಜೂನ್ 9

ಜೀರುಂಡೆಯ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಮಗಳ ಅಡ್ಡಹೆಸರು ಹಿಡಿದು ಶುರು ಮಾಡಿದ್ದೇನೆ. ಫೋನಿನಲ್ಲಿ ಮಾತಿಗೆ ನಿಂತರೆ ಮೂರನೆಯ ಮಾತಿಗೇ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಕೋರ್ಟಿನ ಆಪ್ತಸಲಹೆಗಾರ್ತಿ "ಇನ್ಮೇಲೆ ಬರೀರಿ, ಬರೆದಿದ್ದನ್ನ ಒಂದ್ಸಲ ಓದಿ ಆಮೇಲೆ ಅಂಚೆಗೆ ಹಾಕಿ" ಎಂದದ್ದು. ಓದಿದ್ದೇನೆ. ಎರಡು ಸಾಲು ಹೊಡೆದು ಹಾಕಿದ್ದೇನೆ. ಉಳಿದದ್ದು ಇದು.

ನಿನ್ನೆ ಶಾಲೆಯಿಂದ ಪ್ರೆಸ್ಸಿಗೆ ಫೋನ್ ಬಂತು. ಕರಡು ತಿದ್ದುತ್ತಿದ್ದವಳು ಹಾಗೇ ಎದ್ದು ಹೋದೆ. ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಬೆಂಚಿನ ಮೇಲೆ ನಮ್ಮವಳು ಗೋಡೆ ನೋಡುತ್ತ ಕೂತಿದ್ದಳು. ಒಳಗೆ ಅವಳ ತರಗತಿಯ ಇನ್ನೊಂದು ಹುಡುಗಿ, ಪಕ್ಕದಲ್ಲಿ ಆ ಹುಡುಗಿಯ ತಾಯಿ. ಹುಡುಗಿಯ ಮುಂಗೈ ಮೇಲೆ ನಮ್ಮವಳ ಹಲ್ಲಿನ ಗುರುತು ಅಚ್ಚೊತ್ತಿದ ಹಾಗಿತ್ತು, ರಕ್ತ ಬಂದಿತ್ತು. ಕಾರಣ, ಕೇಳಿದ ಕೂಡಲೇ ರಬ್ಬರ್ ಕೊಡಲಿಲ್ಲವಂತೆ. ಆ ತಾಯಿ ನನ್ನನ್ನು ಬೈಯಲಿಲ್ಲ. "ಮನೇಲಿ ಎಲ್ಲ ಸರಿ ಇದೆಯಾ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

"ಸೋಮವಾರ ಬಂದ್ರೆ ಇವಳನ್ನ ಮಾತಾಡಿಸೋಕೇ ಭಯ ಆಗುತ್ತೆ" ಎಂದರು ಟೀಚರ್. ಸೋಮವಾರ ಎಂದರೆ ನಿಮ್ಮ ಮನೆಯಿಂದ ಬಂದ ಮಾರನೆಯ ದಿನ. ಅಲ್ಲಿ ಏನು ನಡೆಯುತ್ತದೆ? ಎಷ್ಟು ಹೊತ್ತಿಗೆ ಮಲಗುತ್ತಾಳೆ? ನನ್ನ ಬಗ್ಗೆ ಏನೇನು ಕೇಳಿಸಿಕೊಳ್ಳುತ್ತಾಳೆ? ಒಂದು ತಿಂಗಳು ಅವಳನ್ನು ಕರೆದುಕೊಂಡು ಹೋಗುವುದು ಬೇಡ ಎಂದು ಕೇಳಿಕೊಳ್ಳುತ್ತಿದ್ದೇನೆ. ವಕೀಲರಿಂದ ಹೇಳಿಸುತ್ತಿಲ್ಲ, ನಾನೇ ಕೇಳಿಕೊಳ್ಳುತ್ತಿದ್ದೇನೆ.

ಅವಳ ಅಮ್ಮ

*

ಜೂನ್ 15

ಜೀರುಂಡೆಯ ಅಮ್ಮನಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಾನು ಬರೆಯುವುದೆಲ್ಲ "ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ" ಎಂಬಷ್ಟೇ. ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸ್ ಕಳಿಸಬೇಡ.

ಒಂದು ತಿಂಗಳು ಬಿಡು ಎಂದರೆ ಆಗುವುದಿಲ್ಲ. ವಾರಕ್ಕೆ ಎರಡು ದಿನ ಸಿಗುವ ಮಗಳು. ಅದನ್ನೂ ಕೊಟ್ಟುಬಿಟ್ಟರೆ ಸೆಪ್ಟೆಂಬರಿನ ವಿಚಾರಣೆಯಲ್ಲಿ ಕೋರ್ಟಿನವರು "ಬಿಟ್ಟು ಇರಬಲ್ಲನಲ್ಲ" ಎನ್ನುತ್ತಾರೆ.

ಅವಳು ಇಲ್ಲಿ ಯಾರನ್ನೂ ಕಚ್ಚುವುದಿಲ್ಲ. ಇಲ್ಲಿ ಅವಳು ಏನೂ ಮಾಡುವುದಿಲ್ಲ, ಅದೇ ನನ್ನ ಚಿಂತೆ. ಚಾಪೆಯ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಾಳೆ. ಬಾಯಿಗೆ ಬಿಡುವೇ ಇಲ್ಲ ಎಂದು ಜೀರುಂಡೆ ಎಂದು ಹೆಸರಿಟ್ಟವನು ನಾನು. ಈಗ ಅವಳ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಾನೇ ಜೀರುಂಡೆಯಾಗಬೇಕು. ಮೊದಲು ನನ್ನ ಕೋಣೆಗೆ ಓಡಿಕೊಂಡು ಹತ್ತುತ್ತಿದ್ದಳು. ಈಗ ಎರಡನೆಯ ಮಹಡಿಗೇ "ಅಪ್ಪ, ಎತ್ಕೋ, ಕಾಲು ನೋವು" ಎನ್ನುತ್ತಾಳೆ. "ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡೋ ಅಪ್ಪನ ಮನೆಗೇ ಲಿಫ್ಟಿಲ್ಲ ನೋಡು" ಎಂದರೆ ಮೊದಲು ನಗುತ್ತಿದ್ದಳು. ಈಗ ಭುಜದ ಮೇಲೆ ತಲೆ ಒರಗಿಸಿ ಸುಮ್ಮನಾಗುತ್ತಾಳೆ.

ಊಟದ ವಿಷಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಏನು ಬೇಕು ಎಂದರೆ ಚಹಾ, ಬಿಸ್ಕತ್ತು. ಬೇರೆಯದಕ್ಕೆ ಮುಖ ತಿರುಗಿಸುತ್ತಾಳೆ. ಕೊಡುತ್ತೇನೆ. ಎರಡು ದಿನಕ್ಕೆ ಬೇಡ ಅನ್ನುವ ಬಾಯಿ ನನಗಿಲ್ಲ.

ಉಳಿದ ಐದು ದಿನ ನೀನು ಏನು ಮಾಡಿದರೆ ಮಗು ಇಷ್ಟು ಸುಸ್ತಾಗಿ ಬರುತ್ತದೆ ಎಂದು ನಾನೂ ಕೇಳಬಹುದು.

ಅವಳ ಅಪ್ಪ

*

ಜುಲೈ 6

ಜೀರುಂಡೆಯ ಅಪ್ಪನಿಗೆ,

ಚಹಾ, ಬಿಸ್ಕತ್ತು. ಓದಿ ತಲೆ ಸಿಡಿಯಿತು. ಇಲ್ಲಿ ನಾನು ಬೆಳಿಗ್ಗೆ ಎದ್ದು ಅನ್ನ, ಬೇಳೆ, ಸೊಪ್ಪು ಬೇಯಿಸಿ ಡಬ್ಬಿಗೆ ಹಾಕಿ ಕಳಿಸುತ್ತೇನೆ. ಡಬ್ಬಿ ಪ್ರತಿದಿನ ಖಾಲಿಯಾಗಿಯೇ ಬರುತ್ತದೆ. ಹಾಗಾಗಿ ನನ್ನ ಮನೆಯಲ್ಲಿ ಮಗು ಉಪವಾಸವಿದೆ ಎಂದು ಯಾರೂ ಹೇಳುವ ಹಾಗಿಲ್ಲ. ರಾತ್ರಿ ಊಟದ್ದೇ ಗೋಳು. ಎದುರು ಕೂರಿಸಿಕೊಂಡರೆ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡುತ್ತಾಳೆ. "ನುಂಗು" ಎಂದರೆ ಇನ್ನೂ ನೋಡುತ್ತಾಳೆ. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇದೆ, ನಿಮಗೆ ಗೊತ್ತಿದೆ.

ಮೊನ್ನೆ ಸಂಜೆ ತಟ್ಟೆಯನ್ನು ಎತ್ತಿ ಎಸೆದಳು. ಕಿಟಕಿಯ ಗಾಜು ಒಡೆಯಿತು. ನಾನು ಏಟು ಕೊಟ್ಟೆ. ಅವಳು ಮಂಚದ ಕೆಳಗೆ ನುಸುಳಿಕೊಂಡು ಹಲಗೆಗೆ ಒದೆಯುತ್ತ ಕಿರುಚಿದಳು. ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲಿ ನಿಂತರು. ಹೊರಗೆಳೆದು ತಬ್ಬಿಕೊಂಡರೆ ಮೈ ತಣ್ಣಗಿತ್ತು, ಎದೆ ಮಾತ್ರ ಡವಡವ ಎನ್ನುತ್ತಿತ್ತು. "ನಂಗೇ ಗೊತ್ತಿಲ್ಲಮ್ಮ, ಅದೇ ಬರುತ್ತೆ" ಎಂದಳು. ಏನು ಬರುತ್ತೆ ಎಂದು ಕೇಳುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಮಾರನೆಯ ದಿನ ಒಡೆದ ಚೂರೇನಾದರೂ ಉಳಿದಿದೆಯೇ ಎಂದು ಮಂಚ ಸರಿಸಿ ಗುಡಿಸುವಾಗ... ಅದಿರಲಿ.

ಇನ್ನೊಂದು ಸಲ ಯಾರನ್ನಾದರೂ ಕಚ್ಚಿದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಿಮಗೆ ತಿಳಿದಿರಲಿ ಎಂದು ಬರೆದೆ.

ಅವಳ ಅಮ್ಮ

*

ಜುಲೈ 10

ಮಗುವಿನ ಮೇಲೆ ಕೈ ಮಾಡಿದ್ದನ್ನು ಇಷ್ಟು ಸಲೀಸಾಗಿ ಬರೆದಿದ್ದೀಯ. ನನ್ನ ವಕೀಲರಿಗೆ ತೋರಿಸಬೇಕಾ ಬೇಡವಾ ಎಂದು ಇಡೀ ದಿನ ಯೋಚಿಸಿದೆ. ತೋರಿಸಿಲ್ಲ. ಇನ್ನೊಮ್ಮೆ ಹೊಡೆದರೆ ಸುಮ್ಮನಿರುವುದಿಲ್ಲ.

ಮಂಚ ಸರಿಸಿದಾಗ ಏನು ಕಂಡಿತು?

ಅವಳ ಅಪ್ಪ

*

ಆಗಸ್ಟ್ 11

ಜೀರುಂಡೆಯ ಅಮ್ಮನಿಗೆ,

ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಇದನ್ನು ಅಂಚೆಗೆ ಹಾಕದೆ ನಾನೇ ಪ್ರೆಸ್ಸಿನ ಬಾಗಿಲಿಗೆ ತಂದು ಕೊಡುತ್ತಿದ್ದೇನೆ, ಏಕೆಂದರೆ ಜೊತೆಗೆ ಔಷಧಿಯ ಚೀಟಿ ಇದೆ. ಮಗು ಈಗ ಚೆನ್ನಾಗಿದೆ, ಮೊದಲು ಅದನ್ನು ಓದಿಕೋ.

ಶನಿವಾರ ಮಧ್ಯಾಹ್ನ ತುರ್ತಾಗಿ ಕರೆ ಬಂತು. ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು, ಒಳಗೆ ಒಬ್ಬ ವಯಸ್ಸಾದವರು. ಇವಳನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ, ಕರೆದುಕೊಂಡು ಹೋದೆ. ಲಿಫ್ಟಿನ ಬಾಗಿಲು ಕಾಣುವ ಹಾಗೆ ಇವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಮೇಲೆ ಹೋಗಿ ಯಂತ್ರ ನೋಡಿ, ಕೈಯಿಂದಲೇ ಇಳಿಸಿ ಬಾಗಿಲು ತೆಗೆದೆ. ಒಳಗಿದ್ದವರು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರನ್ನು ನೋಡಬೇಕೆಂದು ಇವಳು ಎದ್ದು ನಿಂತಳು. ನಿಂತವಳು ಹಾಗೇ ಕುಸಿದಳು. ಎರಡು ಮೆಟ್ಟಿಲು ಉರುಳಿದಳು. ಲಿಫ್ಟಿನಿಂದ ಬಂದ ಆ ಹಿರಿಯರೇ "ಎತ್ಕೊಳ್ಳಪ್ಪ, ಎದುರಿಗೇ ಡಾಕ್ಟರ್ ಇದಾರೆ" ಎಂದು ಮುಂದೆ ನಡೆದರು.

ಡಾಕ್ಟರಮ್ಮ ಇವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನನಗೆ ತೋರಿಸಿದರು. ಕೆಂಪಗಿರಬೇಕಾದದ್ದು ಕಾಗದದ ಹಾಗೆ ಬೆಳ್ಳಗಿತ್ತು. ಉಗುರೂ ಹಾಗೇ. ಆಮೇಲೆ ಸಹಜವಾಗಿ ಕೇಳುವವರಂತೆ, "ಮಣ್ಣು, ಸೀಮೆಸುಣ್ಣ ಏನಾದ್ರೂ ತಿಂತಾಳಾ?" ಎಂದರು. ಇಲ್ಲ ಎನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ. ಇವಳ ಫ್ರಾಕಿನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು. ಚಿತ್ರ ಬರೆಯುವ ಹುಚ್ಚು ಎಂದುಕೊಂಡು ಡಬ್ಬಿಗಟ್ಟಲೆ ತಂದುಕೊಟ್ಟವನು ನಾನೇ. ಒಂದು ದಿನವೂ ನೆಲದ ಮೇಲೆ ಒಂದು ಗೆರೆ ಕಂಡಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ಇವತ್ತು ಬಂತು. ರಕ್ತ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಮೈಯಲ್ಲಿ ಕಬ್ಬಿಣದ ಅಂಶವೇ ಇಲ್ಲ ಎನ್ನುವಷ್ಟು. ಕಚ್ಚುವುದು, ತಟ್ಟೆ ಎಸೆಯುವುದು, ಊಟ ಬಿಟ್ಟು ಚಹಾ, ಬಿಸ್ಕತ್ತು ಕೇಳುವುದು, ಎಲ್ಲ ಹೇಳಿದೆ. "ಕೋಪಕ್ಕೆಲ್ಲ ರಕ್ತಾನೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಇಷ್ಟು ಕಡಿಮೆ ರಕ್ತ ಇಟ್ಕೊಂಡು, ಹೊಟ್ಟೆಗೂ ಸರಿಯಾಗಿ ಏನಿಲ್ಲದೆ ಇಡೀ ದಿನ ಶಾಲೇಲಿ ಕೂತ್ರೆ, ನೀವಾದ್ರೂ ಕಚ್ತೀರಿ, ನಾನಾದ್ರೂ ಕಚ್ತೀನಿ. ಹಠ ಅಂತ ಬೈಬೇಡಿ. ತಡೆದುಕೊಳ್ಳೋಕೂ ಮೈಯಲ್ಲಿ ಶಕ್ತಿ ಬೇಕು" ಎಂದರು. ಊಟದ ಜೊತೆ ಚಹಾ ಕೊಟ್ಟರೆ ತಿಂದದ್ದೂ ಮೈಗೆ ಹತ್ತುವುದಿಲ್ಲವಂತೆ.

ಭಾನುವಾರ ಸಂಜೆ ನಿನ್ನ ಗೇಟಿನ ಹತ್ತಿರ ಇವಳನ್ನು ಬಿಡುವಾಗಲೇ ಹೇಳಬೇಕಿತ್ತು. ಹೇಳದೆ ಹೊರಟುಬಿಟ್ಟೆ. ನನ್ನ ಕೆಲಸದ ಜಾಗದಲ್ಲಿ ಮಗು ಮೆಟ್ಟಿಲಿಂದ ಬಿತ್ತು ಎಂದು ನಾನೇ ಬರೆದುಕೊಡುತ್ತಿದ್ದೇನೆ. ನೀನು ಇದನ್ನು ಏನು ಬೇಕಾದರೂ ಮಾಡಬಹುದು. ಔಷಧಿ ಮಾತ್ರ ಇವತ್ತೇ ಶುರು ಮಾಡು.

ಅವಳ ಅಪ್ಪ

*

ಆಗಸ್ಟ್ 14

ಜೀರುಂಡೆಯ ಅಪ್ಪನಿಗೆ,

ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಮೊದಲು ನಿಮ್ಮ ಮೇಲೆ ಮೈ ಉರಿಯಿತು. ಭಾನುವಾರ ರಾತ್ರಿ ಅವಳ ಮೊಣಕಾಲಿನ ನೀಲಿ ಗುರುತು ನೋಡಿ "ಎಲ್ಲಿ ಬಿದ್ದೆ?" ಎಂದರೆ, "ಎಲ್ಲೂ ಇಲ್ಲ" ಎಂದಿದ್ದಳು. ನಿಮ್ಮನ್ನು ಉಳಿಸಲು ಮಗು ಸುಳ್ಳು ಹೇಳಿದೆ. ನನಗೋಸ್ಕರ ನಿಮ್ಮಲ್ಲಿ ಎಷ್ಟು ಸುಳ್ಳು ಹೇಳಿದೆಯೋ.

ನಿನ್ನೆ ವಕೀಲರನ್ನು ನೋಡುವುದಿತ್ತು. ಕಾಗದ ನನ್ನ ಚೀಲದಲ್ಲೇ ಇತ್ತು. "ಅವರ ಕಡೆಯಿಂದ ಅಜಾಗರೂಕತೆ ಏನಾದ್ರೂ? ಒಂದು ಸಣ್ಣ ಘಟನೆ ಇದ್ರೂ ಸಾಕು, ರಾತ್ರಿ ಉಳಿಸಿಕೊಳ್ಳೋದನ್ನ ನಿಲ್ಲಿಸಬಹುದು" ಎಂದರು. ಚೀಲದ ಬಾಯಿಯ ಮೇಲೆ ಕೈಯಿಟ್ಟುಕೊಂಡು "ಇಲ್ಲ" ಎಂದೆ. ನಿಮ್ಮ ಮೇಲಿನ ಕರುಣೆಯಿಂದಲ್ಲ.

ಮಂಚ ಸರಿಸಿದಾಗ ಕಂಡದ್ದು ಗೋಡೆ. ಅವಳು ಮಲಗಿದಲ್ಲಿಂದ ಕೈ ಎಟುಕುವಷ್ಟು ಉದ್ದಕ್ಕೂ ಸುಣ್ಣ ಕೆರೆದು ಹೋಗಿದೆ. ಉಗುರಿನ ಗೆರೆಗಳಿವೆ. ಕೆಳಗೆ ಪುಡಿ ಬಿದ್ದಿರಲಿಲ್ಲ. ಪುಡಿ ಎಲ್ಲಿಗೆ ಹೋಯಿತು ಎಂದು ಆ ಕ್ಷಣವೇ ನನಗೆ ಹೊಳೆಯಿತು. ಹೊಳೆದದ್ದೇ ಮಂಚವನ್ನು ಮತ್ತೆ ಗೋಡೆಗೆ ಒತ್ತಿದೆ, ಅವಳ ಉಗುರು ಕತ್ತರಿಸಿದೆ, ಯಾರಿಗೂ ಹೇಳಲಿಲ್ಲ. ಗೋಡೆ ತಿನ್ನುವ ಮಗುವಿನ ತಾಯಿ ಎಂದು ಕೋರ್ಟಿನಲ್ಲಿ ಹೆಸರಾಗುವುದು ನನಗೆ ಬೇಡವಾಗಿತ್ತು. ನಿಮ್ಮ ಮನೆಯಲ್ಲಿ ಅವಳ ಜೇಬಿನ ಸೀಮೆಸುಣ್ಣ, ನನ್ನ ಮಂಚದ ಹಿಂದೆ ಗೋಡೆ. ಜುಲೈಯಲ್ಲೇ ನಾನು ಆ ಸಾಲು ಮುಗಿಸಿದ್ದರೆ ಅವಳು ಮೆಟ್ಟಿಲಿಂದ ಬೀಳುತ್ತಿರಲಿಲ್ಲ.

ಡಬ್ಬಿಯ ವಿಚಾರವನ್ನೂ ಟೀಚರಲ್ಲಿ ಕೇಳಿದೆ. ಅವರು ಆಯಾಳನ್ನು ಕರೆದು ಕೇಳಿದರು. ನಮ್ಮವಳು ಊಟವನ್ನು ಕೈ ತೊಳೆಯುವ ನಲ್ಲಿಯ ಹಿಂದಿನ ಬುಟ್ಟಿಗೆ ದಿನವೂ ಸುರಿಯುತ್ತಾಳಂತೆ. ಸುರಿದು, ಡಬ್ಬಿ ತೊಳೆದು, ಮುಚ್ಚಳ ಹಾಕಿ ಬರುತ್ತಾಳೆ. ಅವಳಿಗೆ ಏನೂ ಅನ್ನಬೇಡಿ ಎಂದು ಹೇಳಿ ಬಂದೆ.

ಈಗ ನಿಮ್ಮ ವಕೀಲರಿಗೆ ತೋರಿಸಲು ನಿಮ್ಮ ಹತ್ತಿರವೂ ಒಂದು ಕಾಗದವಿದೆ.

ಅವಳ ಅಮ್ಮ

*

ಸೆಪ್ಟೆಂಬರ್ 2

ಜೀರುಂಡೆಯ ಅಮ್ಮನಿಗೆ,

ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಕೆಳಗಿದೆ. ಅಲ್ಲೇ ಇರುತ್ತದೆ.

ಎರಡೂ ಮನೆಯಲ್ಲಿ ಒಂದೇ ರೀತಿ ನಡೆಯಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿ ಚಹಾ ನಿಂತಿದೆ. ಕಬ್ಬಿಣದ ಸಿರಪ್ಪನ್ನು ನಿಂಬೆರಸದ ಜೊತೆ ಕೊಡುತ್ತೇನೆ, ಕೂಡಲೇ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಹಲ್ಲು ಕಪ್ಪಾಗುತ್ತದೆ. ಹಲ್ಲಷ್ಟೇ ಅಲ್ಲ. ಶನಿವಾರ ಕಕ್ಕಸಿನಿಂದ ಬಂದು "ಅಪ್ಪ, ನಾನು ಡಾಂಬರು ಹಾಕಿದೀನಿ" ಎಂದಳು. ನೋಡಿ ಜೀವ ಬಾಯಿಗೆ ಬಂತು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ನಕ್ಕರು, ಔಷಧಿಗೆ ಹಾಗೇ ಆಗುತ್ತದಂತೆ. ನಿನಗೂ ಗಾಬರಿಯಾಗದಿರಲಿ.

ಸೀಮೆಸುಣ್ಣ ಎತ್ತಿಟ್ಟ ದಿನ ದೊಡ್ಡ ರಂಪ. ಮೆಟ್ಟಿಲ ಮೇಲೆ ಕೂತು "ಅಪ್ಪ ಕಳ್ಳ" ಎಂದು ಕೂಗಿದಳು, ಇಡೀ ಕಟ್ಟಡದ ಬಾಗಿಲುಗಳು ತೆರೆದುಕೊಂಡವು. ಬೈಯದೆ ಪಕ್ಕದಲ್ಲಿ ಕೂತೆ. ದನಿ ಸೋತ ಮೇಲೆ ಕೈಗೆ ಬೇಯಿಸಿದ ಮೊಟ್ಟೆ ಕೊಟ್ಟೆ. ತಿಂದಳು. ಇನ್ನೊಂದು ಕೇಳಿದಳು.

ನನಗೆ ಅರ್ಥವಾಗದ್ದು ಇದು. ಮೆಟ್ಟಿಲ ಮೇಲೆ ತಿನ್ನುತ್ತಾಳೆ. ನಡೆಯುತ್ತ ತಿನ್ನುತ್ತಾಳೆ. ತಟ್ಟೆ ಹಾಕಿ ನಾನೂ ಎದುರು ಕೂತರೆ ಬಾಯಿ ಬಿಗಿದುಕೊಂಡುಬಿಡುತ್ತಾಳೆ.

ಅವಳ ಅಪ್ಪ

*

ಸೆಪ್ಟೆಂಬರ್ 23

ಜೀರುಂಡೆಯ ಅಪ್ಪನಿಗೆ,

ಇಲ್ಲೂ ಹಾಗೇ. ನಾನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೆ ನಿಂತುಕೊಂಡೇ ನಾಲ್ಕು ತುತ್ತು ತಿನ್ನುತ್ತಾಳೆ. ಕೂತರೆ ಇಲ್ಲ.

ರಕ್ತ ಏರಿದೆ. ಡಾಕ್ಟರಮ್ಮ ಬೆನ್ನು ತಟ್ಟಿದರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಔಷಧಿ ನಿಲ್ಲಿಸಿದ ಮೇಲೆ ತಟ್ಟೆ ಮುಂದೆ ಕೂತು ಊಟ ಮಾಡದೇ ಇದ್ರೆ ಮತ್ತೆ ಇಲ್ಲಿಗೇ ಬರ್ತೀರಿ" ಎಂದರು. ಗೋಡೆ ಕೆರೆಯುವುದು ನಿಂತಿದೆ. ಶಾಲೆಯಿಂದ ದೂರಿಲ್ಲ. ಕಚ್ಚಿಸಿಕೊಂಡ ಹುಡುಗಿಗೆ ತನ್ನ ರಬ್ಬರನ್ನೇ ಕೊಟ್ಟಳಂತೆ. ಆ ಹುಡುಗಿ ತೆಗೆದುಕೊಂಡಳು, ಆದರೆ ಈಗಲೂ ಇವಳ ಪಕ್ಕ ಕೂರುವುದಿಲ್ಲ.

ನಾನು ಸಂತೋಷಪಡಬೇಕು. ಆದರೆ ಸಿಟ್ಟು ಇಳಿದ ಜಾಗದಲ್ಲಿ ಅಳು ಬಂದಿದೆ. ಶಬ್ದ ಮಾಡದೆ, ಹೋಂವರ್ಕ್ ಬರೆಯುತ್ತ ಬರೆಯುತ್ತ ಅಳುತ್ತಾಳೆ, ಅಕ್ಷರಗಳು ಕಲಸಿಹೋಗುತ್ತವೆ. ಯಾಕೆ ಎಂದರೆ ತಲೆಯಲ್ಲಾಡಿಸುತ್ತಾಳೆ. ಕಚ್ಚುತ್ತಿದ್ದಾಗ ಅವಳನ್ನು ಗದರಿಸಬಹುದಿತ್ತು, ನಿಮ್ಮನ್ನು ದೂರಬಹುದಿತ್ತು. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಮುಂದಿನ ವಾರದ ವಿಚಾರಣೆಗೆ ಅವಳನ್ನೂ ಕರೆತರಲು ಹೇಳಿದ್ದಾರೆ.

ಅವಳ ಅಮ್ಮ

*

ಅಕ್ಟೋಬರ್ 1

ಜೀರುಂಡೆಯ ಅಪ್ಪನಿಗೆ,

ನಿನ್ನೆ ತಾರೀಖು ಮುಂದಕ್ಕೆ ಹೋದದ್ದು, ಇವಳಿಗೆ ಹಸಿವಾಗಿ ಮೂವರೂ ಎದುರಿನ ಹೋಟೆಲಿಗೆ ಹೋದದ್ದು ನೀವು ಕಂಡದ್ದೇ. ತಟ್ಟೆಗಳು ಬಂದವು. ಚಮಚ ಹಿಡಿದುಕೊಂಡು ಒಮ್ಮೆ ನಿಮ್ಮ ಮುಖ, ಒಮ್ಮೆ ನನ್ನ ಮುಖ ನೋಡಿ, "ಜಗಳ ಯಾವಾಗ ಶುರು?" ಎಂದಳು. ಬೇರೆ ಮೇಜಿನವರು ತಿರುಗಿ ನೋಡಿದರು. ನೀವು ಫೋನ್ ಬಂದಿದೆ ಎಂದು ಎದ್ದು ಹೊರಗೆ ಹೋದಿರಿ. ಫೋನ್ ಬಂದಿರಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಎದ್ದು ಹೋಗುತ್ತಿದ್ದೆ.

ನೀವು ಹೊರಗಿದ್ದಾಗ ನಡೆದದ್ದು ನಿಮಗೆ ತಿಳಿಯಬೇಕು.

"ಯಾಕೆ ಹಾಗೆ ಕೇಳಿದೆ?" ಎಂದೆ. "ಊಟ ಶುರುವಾದ್ರೆ ಜಗಳ ಶುರುವಾಗುತ್ತಲ್ಲ. ನಾನು ತಿನ್ನದೇ ಇದ್ರೆ ಊಟ ಶುರುವಾಗಲ್ಲ" ಎಂದಳು. ಪಾಠ ಒಪ್ಪಿಸುವ ಹಾಗೆ, ಸಮಾಧಾನವಾಗಿ.

"ಅದು ಹಳೇ ಮನೇಲಿ ಕಣೇ. ಈಗ ಅಪ್ಪ ಅಲ್ಲಿರ್ತಾರೆ, ನಾವು ಇಲ್ಲಿರ್ತೀವಿ."

"ಊಟದ ಹೊತ್ತಿಗೇ ಅಪ್ಪನ ಫೋನ್ ಬರ್ತಿತ್ತಲ್ಲ. ಅಲ್ಲಿಗೆ ಹೋದ್ರೆ ನೀನು ಮಾಡ್ತಿದ್ದೆ. ನಾನು ಊಟ ಮಾಡಿದ್ನಾ ಅಂತ ಕೇಳಿ ಇಬ್ಬರೂ ಕೂಗಾಡ್ತಿದ್ರಿ."

ಹೌದಲ್ಲವೇ. ನಾವು ಒಬ್ಬರಿಗೊಬ್ಬರು ಫೋನ್ ಮಾಡುತ್ತಿದ್ದದ್ದೇ ಅವಳು ತಟ್ಟೆಯ ಮುಂದೆ ಕೂತ ಹೊತ್ತಿಗೆ, ಅವಳು ತಿಂದಳೋ ಇಲ್ಲವೋ ಎಂದು ಕೇಳಲಿಕ್ಕೆ. ನಾವು ಕಾಗದಕ್ಕೆ ಬಂದು ಇಷ್ಟು ತಿಂಗಳಾದದ್ದನ್ನು ಅವಳಿಗೆ ಯಾರೂ ಹೇಳಿಲ್ಲ. ದಿನವೂ ಆ ಫೋನಿಗೆ ಕಾಯುತ್ತ ಕೂತಿದ್ದಾಳೆ. ಶಾಲೆಯ ಡಬ್ಬಿ ಯಾಕೆ ಚೆಲ್ಲುತ್ತಿದ್ದೆ ಎಂದರೆ, "ಅಲ್ಲೂ ಹೊಟ್ಟೆ ಮುಚ್ಕೊಂಡುಬಿಡುತ್ತೆ" ಎಂದಳು.

ಔಷಧಿಯಿಂದ ಮೈಗೆ ರಕ್ತ ಬಂದು ಮಾತಾಡುವ ಶಕ್ತಿ ಬಂದದ್ದರಿಂದ ಇಷ್ಟಾದರೂ ಹೇಳಿದಳು. ಇಲ್ಲದಿದ್ದರೆ ಇನ್ನೂ ಯಾರದಾದರೂ ಕೈ ಕಚ್ಚುತ್ತ ಇರುತ್ತಿದ್ದಳು, ನಾವು ಸೋಮವಾರದ ಲೆಕ್ಕ ಹಿಡಿದು ಕಚ್ಚಾಡುತ್ತಿದ್ದೆವು.

ಒಂದು ಮಾತು ಕೇಳುತ್ತೇನೆ. ಶನಿವಾರ ಅವಳನ್ನು ಕರೆದೊಯ್ಯಲು ಬಂದಾಗ ಗೇಟಿನ ಹೊರಗೆ ನಿಲ್ಲಬೇಡಿ. ಒಳಗೆ ಬಂದು, ಅವಳ ಜೊತೆ ಕೂತು ಊಟ ಮಾಡಿ, ಆಮೇಲೆ ಕರೆದುಕೊಂಡು ಹೋಗಿ. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಕೋರ್ಟಿನ ಕಾಗದ ಅದರ ಪಾಡಿಗೆ ನಡೆಯುತ್ತದೆ, ನಾವು ಮತ್ತೆ ಒಂದೇ ಮನೆಯಲ್ಲಿ ಇರಲಾರೆವು. ಅದನ್ನು ಅವಳಿಗೂ ಹೇಳಿದ್ದೇನೆ. ಬಹಳ ಹೊತ್ತು ಅತ್ತಳು. ನಾನು ಸುಮ್ಮನಿರಿಸಲಿಲ್ಲ.

ಅವಳ ಅಮ್ಮ

*

ಅಕ್ಟೋಬರ್ 13

ಜೀರುಂಡೆಯ ಅಮ್ಮನಿಗೆ,

ಮೊದಲ ಶನಿವಾರ ನಾನು ಬರಲಿಲ್ಲ. ಕೆಲಸವಿತ್ತು ಎಂದು ಹೇಳಿ ಕಳಿಸಿದೆ. ಕೆಲಸವಿರಲಿಲ್ಲ, ಧೈರ್ಯವಿರಲಿಲ್ಲ. ಮೊನ್ನೆ ಬಂದೆ, ನೋಡಿದೆಯಲ್ಲ.

ನೀನು ಬಡಿಸಿದೆ, ಮೂವರೂ ಕೂತೆವು. ಅವಳು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಇಬ್ಬರನ್ನೂ ನೋಡುತ್ತಲೇ ಇದ್ದಳು. ನೀನು ಹೇಳಿದ್ದು ಆಗ ಅರ್ಥವಾಯಿತು. ಇಷ್ಟು ವರ್ಷ ಈ ಮಗು ಊಟ ಮಾಡುತ್ತಿರಲಿಲ್ಲ, ಕಾವಲು ಕಾಯುತ್ತಿತ್ತು.

ಮಧ್ಯೆ ನೀರು ತರಲು ಎದ್ದು ಅಡುಗೆಮನೆಗೆ ಹೋದಳಲ್ಲ, ನೀನು ಆ ಕಡೆ ಬೆನ್ನು ಮಾಡಿ ಕೂತಿದ್ದೆ, ನಿನಗೆ ಕಾಣಲಿಲ್ಲ. ನನಗೆ ಕಂಡಿತು. ಅವಳು ನೀರು ಹಿಡಿಯಲೇ ಇಲ್ಲ. ಖಾಲಿ ಲೋಟ ಹಿಡಿದುಕೊಂಡು ಬಾಗಿಲ ಸಂದಿಯಲ್ಲಿ ನಿಂತು ನಮ್ಮ ಮಾತು ಕೇಳಿಸಿಕೊಂಡಳು. ನಾನು ಸೊಪ್ಪಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಎಂದೆ. ನೀನು ಸೌಟನ್ನು ಕೆಳಗಿಟ್ಟೆ. ಹಳೆಯ ದಿನಗಳಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು, ಇಬ್ಬರಿಗೂ ಗೊತ್ತು. ಬಾಗಿಲ ಸಂದಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ನೀನು "ಹೌದು, ಇವತ್ತು ಕೈ ತಪ್ಪಿತು, ಅನ್ನ ಇನ್ನೊಂಚೂರು ಹಾಕ್ಕೊಳ್ಳಿ" ಎಂದೆ.

ಅವಳು ಕಣ್ಣು ತೆರೆದು, ಇನ್ನೂ ಸ್ವಲ್ಪ ಹೊತ್ತು ಕಾದು, ಬಂದು ಕೂತಳು. ಖಾಲಿ ಲೋಟವನ್ನು ಪಕ್ಕಕ್ಕಿಟ್ಟು ತಟ್ಟೆಗೆ ಕೈ ಹಾಕಿದಳು. ಕೆನ್ನೆಯಲ್ಲಿದ್ದದ್ದನ್ನು ನುಂಗಿದಳು.

ಅವಳ ಅಪ್ಪ